ಪಿಚರ್ ಗಾಯಗೊಂಡರೆ ಸೀಸನ್ ಮುಗಿಯಿತೇ?

2011ರ ಫೆಬ್ರುವರಿ. ಫ್ಲಾರಿಡಾದ ಜುಪಿಟರ್‌ನಲ್ಲಿ ಸೇಂಟ್ ಲೂಯಿಸ್ ಕಾರ್ಡಿನಲ್ಸ್ ಬೇಸ್‌ಬಾಲ್ ತಂಡದ ಶಿಬಿರ ಆಗಷ್ಟೇ ಶುರುವಾಗಿತ್ತು. ಹಿಂದಿನ ವರ್ಷ ತನ್ನ ಹೆಸರಿಗೆ 20 ಗೆಲುವು ಬರೆಸಿಕೊಂಡಿದ್ದ ಪಿಚರ್ (ಬ್ಯಾಟರ್‌ಗೆ ಚೆಂಡು ಎಸೆಯುವವ) ಆಡಮ್ ವೇನ್‌ರೈಟ್ ಅವರ ಬಲ ಮೊಣಕೈಗೆ ಶಸ್ತ್ರಚಿಕಿತ್ಸೆ ಆಗಬೇಕು, ಇಡೀ ವರ್ಷ ಆಡುವಂತಿಲ್ಲ ಎಂಬ ಸುದ್ದಿ ಬಂತು. ಮೊದಲ ಪಂದ್ಯಕ್ಕೆ ಇನ್ನೂ ತಿಂಗಳಿತ್ತು. ಅಷ್ಟರಲ್ಲೇ ಕ್ರೀಡಾಪುಟಗಳಲ್ಲಿ ಹಲವರು ತಂಡಕ್ಕೆ ಎಳ್ಳುನೀರು ಬಿಟ್ಟಾಗಿತ್ತು. ಅಕ್ಟೋಬರ್‌ನಲ್ಲಿ ವರ್ಲ್ಡ್ ಸೀರೀಸ್ ಎಂಬ ಅಂತಿಮ ಸರಣಿ ಗೆದ್ದದ್ದು ಅದೇ ತಂಡ.

ಎಡವಟ್ಟಾಗುವುದು ಲೆಕ್ಕದಲ್ಲಿ. ಸ್ಟಾರ್ಟಿಂಗ್ ಪಿಚರ್, ಅಂದರೆ ಪಂದ್ಯ ಶುರುಮಾಡುವ ಪಿಚರ್, ಐದು ದಿನಕ್ಕೊಮ್ಮೆ ಆಡುತ್ತಾನೆ, ಸುಮಾರು 100 ಎಸೆತ ಹಾಕಿ ನಾಲ್ಕು ದಿನ ತೋಳಿಗೆ ವಿರಾಮ ಕೊಡುತ್ತಾನೆ. 2010ರಲ್ಲಿ ವೇನ್‌ರೈಟ್ 33 ಪಂದ್ಯ ಶುರುಮಾಡಿ 230 ಇನಿಂಗ್ಸ್ ಎಸೆದಿದ್ದರು. ಸೀಸನ್‌ನ 162 ಪಂದ್ಯಗಳಲ್ಲಿ, ಪಂದ್ಯಕ್ಕೆ ಒಂಬತ್ತರಂತೆ, ತಂಡ ಎಸೆಯಬೇಕಾದ್ದು ಸುಮಾರು 1,450 ಇನಿಂಗ್ಸ್. ಅಂದರೆ ಅವರದು ಆರನೇ ಒಂದು ಪಾಲಿಗೂ ಕಡಿಮೆ. ‘20 ಗೆಲುವು ಹೋಯಿತು’ ಎಂದು ಬರೆಯುವವರು ಬದಲಿಗೆ ಬಂದವನೂ ಗೆಲ್ಲುತ್ತಾನೆ ಎಂಬುದನ್ನು ಮರೆಯುತ್ತಾರೆ. ಬುಲ್‌ಪೆನ್‌ನಿಂದ (ಪಂದ್ಯದ ನಡುವೆ ಇಳಿಯುವ ಪಿಚರ್‌ಗಳ ಗುಂಪು) ಬಂದ ಕೈಲ್ ಮೆಕ್‌ಕ್ಲೆಲನ್ ಆ ವರ್ಷ 12 ಪಂದ್ಯ ಗೆದ್ದರು. ವೇನ್‌ರೈಟ್ ಇದ್ದ 2010ರಲ್ಲಿ ತಂಡ ಗೆದ್ದದ್ದು 86, ಇಲ್ಲದ 2011ರಲ್ಲಿ 90. ಅವರಿಲ್ಲದ್ದೇ ಒಳ್ಳೆಯದಾಯಿತು ಎಂದಲ್ಲ. ಲ್ಯಾನ್ಸ್ ಬರ್ಕ್‌ಮನ್‌ರಂಥ ಬ್ಯಾಟರ್ ಬಂದಿದ್ದರು, ತಂಡವೆಂದರೆ ಒಂದೇ ತೋಳಲ್ಲ.

ಈ ಪಾಠ ಹೊಸದೂ ಅಲ್ಲ. 1974ರ ಜುಲೈನಲ್ಲಿ ಲಾಸ್ ಏಂಜಲೀಸ್ ಡಾಜರ್ಸ್‌ನ ಟಾಮಿ ಜಾನ್ 13 ಗೆಲುವು, 3 ಸೋಲಿನ ಭರ್ಜರಿ ಫಾರ್ಮ್‌ನಲ್ಲಿದ್ದಾಗ ಎಡ ಮೊಣಕೈ ಒಳಬದಿಯ ಅಸ್ಥಿರಜ್ಜು ಹರಿಯಿತು. ಅವರಿಲ್ಲದೆಯೇ ಡಾಜರ್ಸ್ 102 ಪಂದ್ಯ ಗೆದ್ದು ವರ್ಲ್ಡ್ ಸೀರೀಸ್ ತಲುಪಿತು. ಸೆಪ್ಟೆಂಬರ್ 25ರಂದು ಡಾ. ಫ್ರಾಂಕ್ ಜೋಬ್, ಜಾನ್ ಅವರ ಬಲ ಮುಂಗೈಯ ಸ್ನಾಯುರಜ್ಜು ತೆಗೆದು, ಎಡ ಮೊಣಕೈಯ ಮೂಳೆಗಳಲ್ಲಿ ರಂಧ್ರ ಕೊರೆದು, 8ರ ಆಕಾರದಲ್ಲಿ ಹೆಣೆದರು. ಮತ್ತೆ ಆಡುವ ಸಾಧ್ಯತೆ ನೂರಕ್ಕೆ ಒಂದು ಎಂದಿದ್ದರು ಜೋಬ್. ಜಾನ್ 1976ರಲ್ಲಿ ಮರಳಿ, ಆಮೇಲೆ 164 ಪಂದ್ಯ ಗೆದ್ದರು. ವೇನ್‌ರೈಟ್‌ಗೆ ಆದದ್ದೂ ಇದೇ ಶಸ್ತ್ರಚಿಕಿತ್ಸೆ.

ಅಂದು ಇಂಥ ಸುದ್ದಿ ಮರುದಿನದ ಪತ್ರಿಕೆಯಲ್ಲಿ ಬರುತ್ತಿತ್ತು. 1979ರಲ್ಲಿ ಕ್ರೀಡಾ ಟಿವಿ ವಾಹಿನಿ ಇಎಸ್‌ಪಿಎನ್, 1987ರಲ್ಲಿ ನ್ಯೂಯಾರ್ಕ್‌ನ ಕ್ರೀಡಾ ರೇಡಿಯೋ ಡಬ್ಲ್ಯುಎಫ್‌ಎಎನ್ ಬಂದ ಮೇಲೆ ದಿನವಿಡೀ ಮಾತು ತುಂಬಿಸಬೇಕಾಯಿತು. ಎಂಆರ್‌ಐ ವರದಿ ಕೈಸೇರುವ ಮುನ್ನವೇ ತೀರ್ಪು ಹೊರಬೀಳುವುದು ಇದರಿಂದಲೇ. ರಜ್ಜು ಪೂರ್ತಿ ಹರಿದಿದೆಯೋ ಭಾಗಶಃವೋ ಎಂಬುದೇ ಮೊದಲ ಪ್ರಶ್ನೆಯಾಗಬೇಕು. ಭಾಗಶಃ ಹರಿದಿದ್ದರೆ ಕೆಲವರಿಗೆ ವಿಶ್ರಾಂತಿಯೇ ಸಾಕು.

2012ರಲ್ಲಿ ಗದ್ದಲ ತಿರುವುಮುರುವಾಯಿತು. ಎರಡು ವರ್ಷದ ಹಿಂದೆ ಇದೇ ಶಸ್ತ್ರಚಿಕಿತ್ಸೆ ಆಗಿದ್ದ ಪಿಚರ್ ಸ್ಟೀಫನ್ ಸ್ಟ್ರಾಸ್‌ಬರ್ಗ್ ಅವರನ್ನು ವಾಷಿಂಗ್ಟನ್ ನ್ಯಾಷನಲ್ಸ್ ತಂಡ ತೋಳು ಕಾಪಾಡಲೆಂದು 159 ಇನಿಂಗ್ಸ್‌ಗೇ ನಿಲ್ಲಿಸಿತು. ಪ್ಲೇಆಫ್‌ನಲ್ಲಿ ಸೋತಾಗ ದೂರು ಆ ನಿರ್ಧಾರದ ಮೇಲೆ ಬಿತ್ತು. ಕೊನೆಯ ಪಂದ್ಯದಲ್ಲಿ 6-0 ಮುಂದಿದ್ದು, ಒಂಬತ್ತನೇ ಇನಿಂಗ್ಸ್‌ನಲ್ಲಿ ನಾಲ್ಕು ರನ್ ಬಿಟ್ಟುಕೊಟ್ಟದ್ದು ಹಿಂದೆ ಸರಿಯಿತು.

ಅವಸರದ ಬೆಲೆ ತೆರುವವನು ಪಿಚರ್. ಕಸಿ ಮಾಡಿದ ರಜ್ಜುವಿಗೆ ರಕ್ತನಾಳ ಬೆಳೆದು ಗಟ್ಟಿಯಾಗಬೇಕು. ನಾಲ್ಕೈದು ತಿಂಗಳಿಗೆ 45 ಅಡಿಯಿಂದ ಮೆಲ್ಲಗೆ ಎಸೆತ, ಹಂತಹಂತವಾಗಿ 120 ಅಡಿ, ಆಮೇಲಷ್ಟೇ ಪಿಚರ್ ನಿಂತು ಎಸೆಯುವ ದಿಬ್ಬ. ಪಂದ್ಯಕ್ಕೆ 12ರಿಂದ 18 ತಿಂಗಳು. ವೇನ್‌ರೈಟ್ ಪೂರ್ತಿ ಒಂದು ವರ್ಷ ಕಾದರು. 2013ರಲ್ಲಿ 19 ಪಂದ್ಯ ಗೆದ್ದರು, 2023ರ ಸೆಪ್ಟೆಂಬರ್‌ನಲ್ಲಿ 200ನೇ ಗೆಲುವು ಪಡೆದು ನಿವೃತ್ತರಾದರು.