ಅರ್ಧಕ್ಕೆ ನಿಂತ ಕೆಲಸದ ಲೆಕ್ಕ

ಆರಿದ್ರಾ ಮಳೆ ಹಿಡಿದ ಮೇಲೆ ನಮ್ಮ ಶಿರಸಿ ಸೀಮೆಯ ಹಳ್ಳಿಗಳಲ್ಲಿ ಕರೆಂಟು ಹೋದರೆ ಯಾರೂ ತಲೆ ಎತ್ತಿಯೂ ನೋಡುವುದಿಲ್ಲ. ಎಲ್ಲೋ ಕಾಡಿನ ನಡುವೆ ಒಂದು ಮತ್ತಿಮರ ಲೈನಿನ ಮೇಲೆ ಒರಗಿದರೆ ಆ ದಿನದ ಕಥೆ ಮುಗಿಯಿತು. ಕಳೆದ ಜೂನ್‌ನಲ್ಲಿ ಅಂಥದೇ ಒಂದು ಸಂಜೆ ನನ್ನ ಹಳೇ ಲ್ಯಾಪ್‌ಟಾಪ್ ಫಟ್ಟನೆ ಆರಿತು. ಅದರ ಬ್ಯಾಟರಿ ಸತ್ತು ಎರಡು ವರ್ಷವಾಗಿತ್ತು. ಕರೆಂಟು ಬಂದ ಮೇಲೆ ನೋಡುತ್ತೇನೆ, ನಾನು ದಿನವೂ ಬಳಸುವ ಒಂದು ಕಮಾಂಡ್‌ಲೈನ್ ಉಪಕರಣದ ಸೆಟ್ಟಿಂಗ್ಸ್ ಫೈಲು ಇದ್ದಲ್ಲೇ ಇದೆ, ಹೆಸರೂ ಅದೇ, ಒಳಗೆ ಮಾತ್ರ ಏನೂ ಇಲ್ಲ. ಸೊನ್ನೆ ಬೈಟ್.

ಫೈಲುಗಳನ್ನು ದೂರದ ಸರ್ವರ್‌ಗೆ ಕಳಿಸಿ, ಬೇಕಾದಾಗ ವಾಪಸು ತರಿಸಿಕೊಳ್ಳುವ ಓಪನ್ ಸೋರ್ಸ್ ಉಪಕರಣ ಅದು. ಬಟನ್ನು, ಬಣ್ಣ, ಚಿತ್ರ ಯಾವುದೂ ಇಲ್ಲ. ಕಪ್ಪು ಪರದೆಯಲ್ಲಿ ಒಂದು ಸಾಲು ಟೈಪ್ ಮಾಡಬೇಕು, ಅದು ಒಂದು ಸಾಲು ಉತ್ತರ ಕೊಡುತ್ತದೆ. ಆಚೆ ತುದಿಯಲ್ಲಿ, ಸರ್ವರಿನಲ್ಲಿ ಓಡುವ ಭಾಗವಾದ ಬ್ಯಾಕೆಂಡನ್ನು ನಮ್ಮ ಕಡೆಯವರಿಗೆ ನಾನು ಯಕ್ಷಗಾನದ ಚೌಕಿ ಎಂದು ವಿವರಿಸುತ್ತೇನೆ. ವೇಷ ಸಿದ್ಧವಾಗುವುದು ಅಲ್ಲಿ, ನೋಡುವವರು ಕೂರುವುದು ಇಲ್ಲಿ. ಹೋಲಿಕೆ ಪೂರ್ತಿ ಸರಿಯಿಲ್ಲ ಬಿಡಿ. ಆಟದ ನಡುವೆ ಚೌಕಿಗೆ ಇಣುಕದ ಹುಡುಗ ನಮ್ಮಲ್ಲಿ ಯಾರಿದ್ದಾನೆ?

ಆ ಸೊನ್ನೆ ಬೈಟಿನಿಂದ ಶುರುವಾಗಿ ಜನವರಿಯ ಅಡಿಕೆ ಕೊಯ್ಲಿನವರೆಗೆ ಆ ಯೋಜನೆಗೆ ನಾನು ಬಿಡುವಿನಲ್ಲಿ ಪ್ಯಾಚ್, ಅಂದರೆ ಕೋಡಿನ ತಿದ್ದುಪಡಿ, ಕಳಿಸುತ್ತ ಹೋದೆ. ಕೋಡು ಇರುವ ತಾಣದ ನನ್ನ ಪ್ರೊಫೈಲಿನಲ್ಲಿ, ಕೆಲಸ ಮಾಡಿದ ದಿನಕ್ಕೊಂದರಂತೆ ಹಸಿರು ಚೌಕಗಳು ತುಂಬಿದವು. ಆ ಚೌಕಗಳ ಬಗ್ಗೆ ನನಗೆ ಗೌರವ ಕಡಿಮೆ. ಒಂದು ಕಾಗುಣಿತ ತಿದ್ದಿದರೂ ಚೌಕ ಹಸಿರೇ. ಈಗ ಹಿಂದಿರುಗಿ ನೋಡಿದರೆ, ಉಪಕರಣಕ್ಕೆ ಹೊಸದಾಗಿ ಏನನ್ನಾದರೂ ಕಲಿಸಿದ ಪ್ಯಾಚ್‌ಗಳು ಬೆರಳೆಣಿಕೆಯಷ್ಟು. ಉಳಿದವೆಲ್ಲ ಒಂದೇ ಪ್ರಶ್ನೆಯ ಸುತ್ತ ತಿರುಗಿವೆ: ಕೆಲಸ ಅರ್ಧಕ್ಕೆ ನಿಂತರೆ ಏನಾಗಬೇಕು?

ಸೆಟ್ಟಿಂಗ್ಸ್ ಫೈಲಿನ ಕಥೆಯನ್ನೇ ನೋಡಿ. ಪ್ರೋಗ್ರಾಂ ಹಳೇ ಫೈಲನ್ನು ತೆರೆದು, ಮೊದಲು ಒಳಗಿದ್ದದ್ದನ್ನು ಅಳಿಸಿ, ಆಮೇಲೆ ಹೊಸದನ್ನು ಬರೆಯುತ್ತಿತ್ತು. ಅಳಿಸುವುದಕ್ಕೂ ಬರೆಯುವುದಕ್ಕೂ ನಡುವೆ ಕರೆಂಟು ಹೋದರೆ ಹಳೆಯದೂ ಇಲ್ಲ, ಹೊಸದೂ ಇಲ್ಲ. ಇದಕ್ಕೆ ಮದ್ದು ಹಳೆಯದೇ. ಪಕ್ಕದಲ್ಲಿ ಬೇರೆ ಹೆಸರಿನ ಫೈಲಿನಲ್ಲಿ ಹೊಸದನ್ನು ಪೂರ್ತಿ ಬರೆಯುವುದು, ಅದು ನಿಜಕ್ಕೂ ಡಿಸ್ಕಿಗೆ ಇಳಿಯುವಂತೆ ಎಫ್‌ಸಿಂಕ್ ಕರೆದು ಕಾಯುವುದು, ಆಮೇಲೆ ಹಳೇ ಹೆಸರಿಗೆ ರಿನೇಮ್ ಮಾಡುವುದು. ಯುನಿಕ್ಸ್ ಕುಟುಂಬದ ವ್ಯವಸ್ಥೆಗಳಲ್ಲಿ ರಿನೇಮ್ ಎಂದರೆ ಒಂದೇ ಏಟು, ನಡುವೆ ನಿಲ್ಲುವ ಮಾತಿಲ್ಲ. ನೋಡಿದವರಿಗೆ ಕಾಣುವುದು ಪೂರ್ತಿ ಹಳೆಯದು ಅಥವಾ ಪೂರ್ತಿ ಹೊಸದು.

ನಾನು ತಾತ್ಕಾಲಿಕ ಫೈಲನ್ನು ಸಿಸ್ಟಮ್ಮಿನ ಟೆಂಪ್ ಫೋಲ್ಡರಿನಲ್ಲಿ ಬರೆದಿದ್ದೆ. ಪ್ಯಾಚ್ ನೋಡಿದವರು ಒಂದೇ ಸಾಲು ಬರೆದರು: ಅದು ಬೇರೆ ಪಾರ್ಟಿಷನ್‌ನಲ್ಲಿದ್ದರೆ? ಪಾರ್ಟಿಷನ್ ಎಂದರೆ ಡಿಸ್ಕಿನ ಪ್ರತ್ಯೇಕ ವಿಭಾಗ. ಹೌದು, ಬೇರೆ ಪಾರ್ಟಿಷನ್‌ಗೆ ರಿನೇಮ್ ನಡೆಯುವುದೇ ಇಲ್ಲ, ಎರರ್ ಬರುತ್ತದೆ. ಅದೇ ಫೋಲ್ಡರಿನಲ್ಲಿ ಬರೆಯುವಂತೆ ತಿದ್ದಿದೆ. ಹನ್ನೊಂದು ಸಾಲಿನ ಪ್ಯಾಚಿಗೆ ಮೂರು ವಾರದ ಚರ್ಚೆ.

ಅದನ್ನು ಪರೀಕ್ಷಿಸಲು ಮೊದಲು ಬೆಂಗಳೂರಿನವರು ಮಾಡುವ ಹಾಗೆಯೇ ಮಾಡಿದೆ. ಪ್ರೋಗ್ರಾಂ ಓಡುತ್ತಿರುವಾಗ ಕಿಲ್ ಆಜ್ಞೆ ಕೊಟ್ಟು ನೂರಾರು ಸಲ ಸಾಯಿಸಿದೆ. ಎಲ್ಲವೂ ಪಾಸ್. ಎಫ್‌ಸಿಂಕ್ ಸಾಲು ತೆಗೆದು ನೋಡಿದರೂ ಪಾಸ್! ಯಾಕೆಂದರೆ ಪ್ರೋಗ್ರಾಂ ಸತ್ತರೂ ಅದು ಬರೆದದ್ದು ಆಪರೇಟಿಂಗ್ ಸಿಸ್ಟಮ್ಮಿನ ಮೆಮೊರಿಯಲ್ಲಿ ಸುರಕ್ಷಿತವಾಗಿರುತ್ತದೆ, ನಿಧಾನಕ್ಕೆ ಡಿಸ್ಕಿಗೆ ಇಳಿಯುತ್ತದೆ. ಕರೆಂಟೇ ಹೋದರೆ ಆ ಮೆಮೊರಿಯೂ ಹೋಯಿತು. ಬ್ಯಾಟರಿ ಸತ್ತ ಲ್ಯಾಪ್‌ಟಾಪ್ ಆಗ ಕೆಲಸಕ್ಕೆ ಬಂತು. ಪ್ಲಗ್ ಕೀಳುವುದು, ಮತ್ತೆ ಹಾಕುವುದು. ಇಪ್ಪತ್ತನೇ ಸಲಕ್ಕೆ ಒಳಗಿನಿಂದ ಆಯಿ ಕೇಳಿದಳು, "ಎಂತ ಆತೋ?"

ಜುಲೈಯಲ್ಲಿ, ಅಡಿಕೆಗೆ ಎರಡನೇ ಸಲದ ಕೊಳೆರೋಗದ ಔಷಧಿ ಹೊಡೆಯಲು ಎಲ್ಲರೂ ಮಳೆ ಹೊಳವಾಗುವುದನ್ನು ಕಾಯುತ್ತಿದ್ದ ದಿನಗಳಲ್ಲಿ, ಬ್ಯಾಕೆಂಡ್ ಕಡೆಯ ತಂಟೆಗೆ ಕೈಹಾಕಿದೆ. ಒಂದೇ ಫೈಲು ಸರ್ವರಿನಲ್ಲಿ ಎರಡೆರಡು ಸಲ ದಾಖಲಾಗುತ್ತಿತ್ತು. ನಮ್ಮ ನೆಟ್ಟಿನವರಿಗೆ ಇದು ಬೇಗ ಅರ್ಥವಾಗುತ್ತದೆ. ಇಲ್ಲಿಂದ ವಿನಂತಿ ಹೋಯಿತು, ಸರ್ವರ್ ಅದನ್ನು ಬರೆದುಕೊಂಡಿತು, "ಆಯಿತು" ಎಂಬ ಉತ್ತರ ವಾಪಸು ಬರುವಷ್ಟರಲ್ಲಿ ಸಿಗ್ನಲ್ ಹೋಯಿತು. ಇಲ್ಲಿ ಕೂತ ಉಪಕರಣಕ್ಕೆ ಗೊತ್ತಾಗುವುದು ಉತ್ತರ ಬರಲಿಲ್ಲ ಎಂಬುದಷ್ಟೇ. ಕೆಲಸ ಆಗಲಿಲ್ಲವೋ, ಆಗಿ ಸುದ್ದಿ ಬರಲಿಲ್ಲವೋ? ಎರಡೂ ಇಲ್ಲಿಂದ ಒಂದೇ ಥರ ಕಾಣುತ್ತವೆ. ಅದು ಮತ್ತೆ ಕಳಿಸುತ್ತದೆ.

ಅಡಿಕೆ ಚೀಲ ತೂಕಕ್ಕೆ ಹಾಕಿದ ರೈತನ ಕೈಯಲ್ಲಿ ಲಾಟ್ ನಂಬರಿನ ಚೀಟಿ ಇರುತ್ತದೆ. ಅದೇ ನಂಬರಿನ ಚೀಲ ಮತ್ತೆ ತಕ್ಕಡಿಗೆ ಬಂದರೆ ಗುಮಾಸ್ತ ಪುಸ್ತಕ ನೋಡಿ, "ಇದು ಆಗಿದೆ ಮಾರಾಯ" ಎಂದು ಹಳೇ ತೂಕವನ್ನೇ ಹೇಳುತ್ತಾನೆ. ಬ್ಯಾಕೆಂಡಿನಲ್ಲೂ ಮಾಡುವುದು ಇದನ್ನೇ. ಆ ಚೀಟಿಗೆ ಐಡೆಂಪೊಟೆನ್ಸಿ ಕೀ ಎಂದು ಹೆಸರು. ಪ್ರತಿ ವಿನಂತಿಯ ಜೊತೆ ಉಪಕರಣವೇ ಒಂದು ಉದ್ದನೆಯ ಯಾದೃಚ್ಛಿಕ ನಂಬರು ಕಳಿಸುತ್ತದೆ. ಅದೇ ನಂಬರು ಮತ್ತೆ ಬಂದರೆ ಸರ್ವರ್ ಹೊಸದಾಗಿ ಏನನ್ನೂ ಬರೆಯದೆ ಮೊದಲು ಕೊಟ್ಟ ಉತ್ತರವನ್ನೇ ಕೊಡುತ್ತದೆ.

ಹೇಳುವಾಗ ಸಲೀಸು. ನಾನು ಇದರಲ್ಲಿ ಮೂರು ಸಲ ಎಡವಿದೆ. ಮೊದಲ ಸಲ, ಈ ನಂಬರು ಡೇಟಾಬೇಸಿನಲ್ಲಿ ಇದೆಯೇ ಎಂದು ನೋಡಿ, ಇಲ್ಲದಿದ್ದರೆ ಬರೆ ಎಂದು ಎರಡು ಹೆಜ್ಜೆಯಲ್ಲಿ ಬರೆದೆ. ಒಂದೇ ಕ್ಷಣದಲ್ಲಿ ಎರಡು ವಿನಂತಿ ಬಂದರೆ ಎರಡೂ "ಇಲ್ಲ" ಎಂಬ ಉತ್ತರ ಪಡೆದು ಎರಡೂ ಬರೆಯುತ್ತವೆ. ನೋಡುವ ಕೆಲಸವನ್ನು ನಾವು ಮಾಡಲೇಬಾರದು. ಒಂದೇ ನಂಬರನ್ನು ಎರಡನೇ ಸಲ ಒಪ್ಪದ ಯುನೀಕ್ ಇಂಡೆಕ್ಸನ್ನು ಡೇಟಾಬೇಸಿಗೆ ಹಾಕಿ, ನೇರ ಬರೆಯಲು ಹೋಗಿ, ಅದು ಒಲ್ಲೆ ಎಂದರೆ ಹಳೇ ಉತ್ತರ ತೆಗೆದುಕೊಡಬೇಕು. ಎರಡನೇ ಸಲದ ತಪ್ಪು ಇನ್ನೂ ಪೆದ್ದುತನದ್ದು: ಪ್ರತಿ ಮರುಪ್ರಯತ್ನಕ್ಕೂ ಹೊಸ ನಂಬರು ಹುಟ್ಟಿಸುತ್ತಿದ್ದೆ. ಅದೇ ಚೀಲಕ್ಕೆ ಪ್ರತಿ ಸಲ ಹೊಸ ಚೀಟಿ ಅಂಟಿಸಿದ ಹಾಗೆ. ಮೂರನೆಯದನ್ನು ಮತ್ತೆ ಮಳೆಯೇ ಕಲಿಸಿತು. ನಂಬರು ಮೆಮೊರಿಯಲ್ಲಷ್ಟೇ ಇತ್ತು. ಕರೆಂಟು ಹೋಗಿ ಬಂದ ಮೇಲೆ ಉಪಕರಣ ಹೊಸ ಜನ್ಮವೆತ್ತಿ ಹೊಸ ನಂಬರಿನೊಂದಿಗೆ ಅದೇ ಫೈಲು ಕಳಿಸಿತು. ಈಗ ವಿನಂತಿ ಹೊರಡುವ ಮೊದಲೇ ನಂಬರು ಡಿಸ್ಕಿಗೆ ಇಳಿಯುತ್ತದೆ, ಆ ಹನ್ನೊಂದು ಸಾಲಿನ ವಿಧಾನದಿಂದಲೇ.

ಮರುಪ್ರಯತ್ನದ್ದೇ ಇನ್ನೊಂದು ರಗಳೆ. ಬೇಸಿಗೆಯಲ್ಲಿ ತೋಟಕ್ಕೆ ನೀರು ಬಿಡುವ ಪಂಪುಗಳಿಗೆಲ್ಲ ಆಟೋ ಸ್ಟಾರ್ಟರ್ ಇರುತ್ತದಲ್ಲ. ಕರೆಂಟು ಬಂದ ಮರುಕ್ಷಣ ಊರಿನ ಅಷ್ಟೂ ಪಂಪು ಒಟ್ಟಿಗೇ ಎದ್ದು, ಟ್ರಾನ್ಸ್‌ಫಾರ್ಮರಿನ ಫ್ಯೂಸು ಮತ್ತೆ ಢಮಾರ್. ಬಿದ್ದು ಎದ್ದ ಸರ್ವರಿಗೂ ಇದೇ ಗತಿ. ಕಾದು ಕೂತಿದ್ದ ಉಪಕರಣಗಳೆಲ್ಲ ಒಮ್ಮೆಲೇ ಮುಗಿಬೀಳುತ್ತವೆ. ಅದಕ್ಕೇ ಒಂದು ಸೆಕೆಂಡು, ಎರಡು, ನಾಲ್ಕು, ಎಂಟು ಎಂದು ಕಾಯುವ ಹೊತ್ತನ್ನು ದುಪ್ಪಟ್ಟು ಮಾಡುತ್ತ ಹೋಗಬೇಕು. ಅದರ ಮೇಲೆ ಪ್ರತಿಯೊಂದಕ್ಕೂ ಲಾಟರಿ ಎತ್ತಿದಂತೆ ಚೂರು ಹೆಚ್ಚುಕಡಿಮೆ ಸೇರಿಸಬೇಕು. ಇಲ್ಲದಿದ್ದರೆ ಎಲ್ಲವೂ ಒಟ್ಟಿಗೇ ಎರಡು ಸೆಕೆಂಡು ಕಾದು ಒಟ್ಟಿಗೇ ಬರುತ್ತವೆ. ಪಂಪುಗಳಿಗೂ ಇಂಥದ್ದು ಬೇಕೆಂದು ಊರಲ್ಲಿ ಹೇಳಿದೆ. ಎಲ್ಲರಿಗೂ ಒಪ್ಪಿಗೆ, ಪಕ್ಕದ ತೋಟದವನು ಮೊದಲು ಕಾಯುವುದಾದರೆ.

ಕನ್ನಡದ ಫೈಲ್ ಹೆಸರುಗಳದ್ದು ಸಣ್ಣ ಪ್ಯಾಚ್, ಆದರೂ ನನಗೆ ಇಷ್ಟವಾದದ್ದು. ಪಟ್ಟಿ ತೋರಿಸುವಾಗ ಉಪಕರಣ ಹೆಸರನ್ನು 16 ಬೈಟಿಗೆ ಕತ್ತರಿಸುತ್ತಿತ್ತು. ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್, ಗುಣಿತದ ಚಿಹ್ನೆಗೂ ಬೇರೆ 3. ಹಾಗಾಗಿ ಮೂರಕ್ಷರದ ಶಿರಸಿಗೆ 15 ಬೈಟ್, ಅದು ಪಾರಾಯಿತು. ನಾಲ್ಕಕ್ಷರದ ಕಾರವಾರಕ್ಕೆ 18. ಕತ್ತಿ ಕೊನೆಯ ರಕಾರದ ನಡುವೆಯೇ ಬಿದ್ದು, "ಕಾರವಾ" ಆದಮೇಲೆ ವಜ್ರಾಕಾರದೊಳಗೆ ಒಂದು ಪ್ರಶ್ನಾರ್ಥಕ ಚಿಹ್ನೆ ಬರುತ್ತಿತ್ತು. ಈಗ ಅಕ್ಷರ ಎಣಿಸಿ ಕತ್ತರಿಸುತ್ತದೆ. ಕಾಲಂ ನೇರವಾಗಿ ನಿಲ್ಲುವುದು ಮಾತ್ರ ಟರ್ಮಿನಲ್ಲಿನ ಮರ್ಜಿ. ದಿನಾಂಕದ ಗೊಂದಲವೂ ಇತ್ತು: ಬೆಳಗಿನ 5.30ರ ಮೊದಲು ಕಳಿಸಿದ್ದೆಲ್ಲ ಹಿಂದಿನ ದಿನದ ಲೆಕ್ಕಕ್ಕೆ ಸೇರುತ್ತಿತ್ತು, ಸರ್ವರ್ ಗ್ರೀನಿಚ್ ಗಡಿಯಾರ ನೋಡುತ್ತಿದ್ದುದರಿಂದ.

ಇನ್ನು ನಾಚಿಕೆಯದು. ಶಿರಸಿ ಪೇಟೆಯ ಪರಿಚಯದ ವ್ಯಾಪಾರಿಯೊಬ್ಬರ ಕಂಪ್ಯೂಟರಿನಲ್ಲಿ ರಾತ್ರಿ ಲೆಕ್ಕದ ಬ್ಯಾಕಪ್ ಹೋಗುವಂತೆ ನಾನೇ ಈ ಉಪಕರಣ ಕೂರಿಸಿದ್ದೆ. ವಿಫಲವಾದರೆ ಅವರ ಮೊಬೈಲಿಗೆ ಸಂದೇಶ ಬರುವ ಏರ್ಪಾಡೂ ಇತ್ತು. ಡಿಸೆಂಬರಿನಲ್ಲಿ ಹಳೇ ರಾಶಿ ಅಡಿಕೆಯ ಒಂದು ಬಿಲ್ಲು ಬೇಕಾಗಿ ಸರ್ವರಿನಲ್ಲಿ ಹುಡುಕಿದರೆ, ಸೆಪ್ಟೆಂಬರಿನ ನಂತರದ್ದು ಒಂದೂ ಇಲ್ಲ. ಸಂದೇಶವೂ ಒಂದು ಬಂದಿಲ್ಲ.

ಪ್ರೋಗ್ರಾಂ ಮುಗಿಯುವಾಗ ತನ್ನನ್ನು ಓಡಿಸಿದವರಿಗೆ ಒಂದು ಅಂಕಿ ಬಿಟ್ಟುಹೋಗುತ್ತದೆ, ಎಕ್ಸಿಟ್ ಕೋಡ್. 0 ಎಂದರೆ ಸುಖಾಂತ್ಯ, ಬೇರೇನಿದ್ದರೂ ಕೆಟ್ಟಿತು. 1998ರಿಂದ ಇರುವ, ನೆಟ್ಟಿನಲ್ಲಿ ಫೈಲು ತರಿಸುವ-ಕಳಿಸುವ ಕರ್ಲ್ ಎಂಬ ಉಪಕರಣ ಇದರಲ್ಲಿ ಶಿಸ್ತಿನ ಪ್ರಾಣಿ: ಸರ್ವರಿನ ವಿಳಾಸವೇ ಸಿಗದಿದ್ದರೆ 6, ಸಂಪರ್ಕ ಆಗದಿದ್ದರೆ 7, ಹೊತ್ತು ಮೀರಿದರೆ 28. ನಮ್ಮ ಉಪಕರಣವೋ ಪರದೆಯ ಮೇಲೆ "ವಿಫಲ" ಎಂದು ಬರೆದು, 0 ಬಿಟ್ಟು ಹೊರಡುತ್ತಿತ್ತು. ರಾತ್ರಿ ಎರಡು ಗಂಟೆಗೆ ಆ ಪರದೆ ನೋಡುವವರು ಯಾರು? ಸಂದೇಶ ಕಳಿಸಬೇಕಿದ್ದ ಸ್ಕ್ರಿಪ್ಟ್ ನೋಡುವುದು ಅಂಕಿಯನ್ನು ಮಾತ್ರ.

ಇದು ಯಾವ ಬದಲಾವಣೆಯಿಂದ ಬಂತೆಂದು ತಿಳಿಯಲು, ಕೋಡಿನ ಬದಲಾವಣೆಗಳ ಇತಿಹಾಸ ಇಡುವ ಗಿಟ್‌ನ ಬೈಸೆಕ್ಟ್ ಹಚ್ಚಿದೆ. ಅದು ಇತಿಹಾಸವನ್ನು ಅರ್ಧ ಅರ್ಧ ಸೀಳುತ್ತ ಹೋಗುತ್ತದೆ, ಸಾವಿರ ಕಮಿಟ್ (ದಾಖಲಾದ ಬದಲಾವಣೆ) ಇದ್ದರೂ ಹತ್ತು ಪರೀಕ್ಷೆಯಲ್ಲಿ ಕಳ್ಳ ಸಿಗುತ್ತಾನೆ. ಸಿಕ್ಕವನು ನಾನೇ. ಸೆಪ್ಟೆಂಬರಿನಲ್ಲಿ "ಎರರ್ ಸಂದೇಶಗಳನ್ನು ಚಂದಗಾಣಿಸಿದ್ದು" ಎಂಬ ತಲೆಬರಹದಲ್ಲಿ ಕಳಿಸಿದ್ದ ಪ್ಯಾಚ್. ನಾಲ್ಕು ಜನ ಮೆಚ್ಚಿ ಚಪ್ಪಾಳೆಯ ಎಮೋಜಿ ಹಾಕಿದ್ದರು. ತಿದ್ದಲು ಒಂದು ಸಾಲು, ಅದು ಮತ್ತೆ ಕೆಡದಂತೆ ಕಾಯುವ ಪರೀಕ್ಷೆಗೆ ಮೂವತ್ತು ಸಾಲು. ವ್ಯಾಪಾರಿಯ ಡಿಸ್ಕು ಗಟ್ಟಿಯಿತ್ತು, ಏನೂ ಕಳೆಯಲಿಲ್ಲ. ಹೇಳಲು ಹೋದಾಗ ಅವರು ಚಾ ತರಿಸಿ ಸುಮ್ಮನೆ ಕೇಳಿಸಿಕೊಂಡರು. ಬೈದಿದ್ದರೆ ಅಡ್ಡಿಯಿರಲಿಲ್ಲ.

ಜನವರಿಯಲ್ಲಿ ಕಳಿಸಿದ ಕೊನೆಯ ಪ್ಯಾಚ್ ತಿರಸ್ಕೃತವಾಯಿತು. ಅರ್ಧ ಇಳಿದ ಫೈಲನ್ನು ಮೊದಲಿನಿಂದ ತರಿಸದೆ, ನಿಂತಲ್ಲಿಂದ ಮುಂದುವರಿಸುವುದು ಅದರ ಉದ್ದೇಶ. ಎಚ್‌ಟಿಟಿಪಿಯಲ್ಲಿ (ವೆಬ್ಬಿನ ಮಾತುಕತೆಯ ನಿಯಮ) ಎಲ್ಲಿಂದ ಬೇಕೆಂದು ಹೇಳುವ ರೇಂಜ್ ಹೆಡರ್ ಕೊಟ್ಟರೆ ಸರ್ವರ್ 206, ಅಂದರೆ ಭಾಗಶಃ ಉತ್ತರ, ಎಂದು ಹೇಳಿ ಉಳಿದ ಭಾಗವನ್ನಷ್ಟೇ ಕಳಿಸುತ್ತದೆ. ಯೋಜನೆ ನೋಡಿಕೊಳ್ಳುವವರು ಕೇಳಿದ್ದು ಇಷ್ಟು: ನಡುವಿನ ಹೊತ್ತಿನಲ್ಲಿ ಸರ್ವರಿನ ಫೈಲೇ ಬದಲಾಗಿದ್ದರೆ? ಹಳೆಯದರ ತಲೆ, ಹೊಸದರ ಬಾಲ ಸೇರಿ ಯಾವುದೂ ಅಲ್ಲದ ಒಂದು ಫೈಲು ಹುಟ್ಟುತ್ತದೆ, ಅದೂ 0 ಎಕ್ಸಿಟ್ ಕೋಡಿನೊಂದಿಗೆ. ಇಫ್-ರೇಂಜ್ ಎಂಬ ಇನ್ನೊಂದು ಹೆಡರಿನಲ್ಲಿ ಹಳೇ ಫೈಲಿನ ಗುರುತು ಕಳಿಸಿದರೆ, ಅದು ಬದಲಾಗಿದ್ದಲ್ಲಿ ಸರ್ವರ್ ಮೊದಲಿನಿಂದ ಪೂರ್ತಿ ಕಳಿಸುತ್ತದೆ. ಅದನ್ನು ಸೇರಿಸಿ ಮತ್ತೆ ಕಳಿಸಿದ್ದೇನೆ. ಪ್ಲಗ್ ಕೀಳುವ ಪರೀಕ್ಷೆ ಬಾಕಿಯಿದೆ, ಯಾಕೆಂದರೆ ಆಯಿ ಆ ಲ್ಯಾಪ್‌ಟಾಪಿಗೆ ಹೊಸ ಬ್ಯಾಟರಿ ಹಾಕಿಸಿದ್ದಾಳೆ.