ಕುಸ್ತಿ ಪೈಲ್ವಾನ ಎಂಎಂಎಗೆ ಹೋದರೆ ಗೆಲ್ಲಬಹುದೇ?

ಪ್ರಶ್ನೆ: ನನ್ನ ತಮ್ಮ ದಾವಣಗೆರೆಯಲ್ಲಿ ಕುಸ್ತಿ ಮಾಡ್ತಾನೆ, ತೂಕ ನೂರು ಕೆ.ಜಿ. ದಾಟಿದೆ. ಮೊಬೈಲ್‌ನಲ್ಲಿ ಎಂಎಂಎ (ಮಿಕ್ಸ್ಡ್ ಮಾರ್ಷಲ್ ಆರ್ಟ್ಸ್, ಗುದ್ದು, ಒದೆ, ಕುಸ್ತಿ ಎಲ್ಲಾ ಸೇರಿದ ಕಾದಾಟ) ನೋಡಿ ನೋಡಿ ಈಗ ಅದಕ್ಕೇ ಹೋಗ್ತೀನಿ ಅಂತ ಹಟ ಹಿಡಿದಿದ್ದಾನೆ. ಕುಸ್ತಿಯವರು ಅಲ್ಲಿ ಗೆಲ್ಲೋಕಾಗುತ್ತಾ? ನಮ್ಮ ಕಡೆಯವರು ಯಾರಾದ್ರೂ ಗೆದ್ದಿದ್ದಾರಾ?

ಉತ್ತರ: ದುಗ್ಗಮ್ಮನ ಜಾತ್ರೆಯ ಬಯಲು ಕುಸ್ತಿ ನೋಡಿ ಬೆಳೆದ ಊರಿನಲ್ಲಿ ಈ ಪ್ರಶ್ನೆ ಏಳದಿದ್ದರೇ ಆಶ್ಚರ್ಯ. ಗೆದ್ದವರಿದ್ದಾರೆ. ಕನ್ನಡದವರಲ್ಲ, ಭಾರತದಲ್ಲಿ ಹುಟ್ಟಿದವರೂ ಅಲ್ಲ, ಆದರೆ ನಿಮ್ಮ ತಮ್ಮನಿಗೆ ತೋರಿಸಲು ಅರ್ಜನ್ ಭುಲ್ಲರ್ ಅವರಿಗಿಂತ ಒಳ್ಳೆಯ ಉದಾಹರಣೆ ಸಿಗಲಾರದು.

1986ರಲ್ಲಿ ಹುಟ್ಟಿದ ಭುಲ್ಲರ್ ಪಂಜಾಬಿ ಮೂಲದ ಕೆನಡಾದವರು. ತಂದೆಯೂ ಪೈಲ್ವಾನರೇ, ಹಾಗಾಗಿ ಕುಸ್ತಿ ಮನೆಯಲ್ಲೇ ಇತ್ತು. 2010ರ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟದ 120 ಕೆ.ಜಿ. ಫ್ರೀಸ್ಟೈಲ್‌ನಲ್ಲಿ ಚಿನ್ನ ಗೆದ್ದರು. ಬೆಳ್ಳಿಗೆ ತೃಪ್ತಿಪಟ್ಟವರು ನಮ್ಮ ಜೋಗಿಂದರ್ ಕುಮಾರ್! 2012ರಲ್ಲಿ ಲಂಡನ್ ಒಲಿಂಪಿಕ್ಸ್‌ನಲ್ಲಿ ಕೆನಡಾ ಪರ ಆಡಿದರು. ಎಂಎಂಎಗೆ ಇಳಿದದ್ದು ಅದಾದ ಮೇಲೆ, 2014ರಲ್ಲಿ. ಅಂದರೆ ಮ್ಯಾಟ್ ಮೇಲೆ ಏರಬೇಕಾದಷ್ಟು ಏರಿ, ಇಪ್ಪತ್ತೆಂಟರ ಹೊತ್ತಿಗೆ ಹೊಸ ಆಟ ಶುರು ಮಾಡಿದರು. 2017ರಲ್ಲಿ ಅಮೆರಿಕದ ದೊಡ್ಡ ಎಂಎಂಎ ಸಂಸ್ಥೆಯಾದ ಯುಎಫ್‌ಸಿ ಸೇರಿದರು.

ಅಲ್ಲಿ ಮೂರು ಗೆಲುವು, ಒಂದು ಸೋಲು. ಗೆದ್ದ ಮೂರೂ ಪಂದ್ಯ ಪೂರ್ತಿ ಹದಿನೈದು ನಿಮಿಷ ನಡೆದು, ತೀರ್ಪುಗಾರರ ಅಂಕಗಳಿಂದ ಇತ್ಯರ್ಥವಾದವು. ಭುಲ್ಲರ್ ತಂತ್ರ ಇಷ್ಟೇ: ಎದುರಾಳಿಯನ್ನು ಕಣದ ಸುತ್ತಲಿನ ಪಂಜರದ ಬೇಲಿಗೆ ಒತ್ತು, ಕಾಲು ಎಳೆದು ಬೀಳಿಸು, ಮೇಲೆ ಕೂತು ಏಳಲು ಬಿಡಬೇಡ. ನೋಡುವವರಿಗೆ ಅಷ್ಟೇನೂ ರಂಜನೆ ಇಲ್ಲ, ನಿಜ ಹೇಳಬೇಕೆಂದರೆ ಸ್ವಲ್ಪ ಬೇಸರವೇ. ಆದರೆ ಜಗಳ ನಿಂತು ನಡೆಯಬೇಕೋ ನೆಲದ ಮೇಲೋ ಎಂಬುದನ್ನು ಪೈಲ್ವಾನನೇ ನಿರ್ಧರಿಸುತ್ತಾನಲ್ಲ, ಕುಸ್ತಿಯ ಲಾಭ ಇದೇ.

ನಿಮ್ಮ ತಮ್ಮ ಮತ್ತೆ ಮತ್ತೆ ನೋಡಬೇಕಾದ್ದು ಮಾತ್ರ ಆ ಒಂದು ಸೋಲನ್ನು. 2018ರ ಏಪ್ರಿಲ್‌ನಲ್ಲಿ ಆ್ಯಡಂ ವಿಯೆಜೋರೆಕ್ ಎದುರು. ಅಂದು ಭುಲ್ಲರ್ ಪಗಡಿ ಕಟ್ಟಿಕೊಂಡೇ ಪಂಜರದವರೆಗೆ ನಡೆದು ಬಂದಿದ್ದರು, ಅದು ದೊಡ್ಡ ಸುದ್ದಿಯಾಗಿತ್ತು. ಎರಡನೇ ಸುತ್ತಿನಲ್ಲಿ ಕೆಳಗೆ ಅಂಗಾತ ಬಿದ್ದಿದ್ದ ವಿಯೆಜೋರೆಕ್ ತನ್ನ ಕಾಲನ್ನು ಭುಲ್ಲರ್ ತೋಳಿಗೆ ಸುತ್ತಿ, ಭುಜ ತಿರುಚಿಬಿಟ್ಟ. ಒಮೊಪ್ಲಾಟ ಎನ್ನುವ ಪಟ್ಟು ಅದು. ಭುಲ್ಲರ್ ಕೈ ತಟ್ಟಿ ಸೋಲೊಪ್ಪಬೇಕಾಯಿತು. ಯುಎಫ್‌ಸಿ ಇತಿಹಾಸದಲ್ಲೇ ಆ ಪಟ್ಟಿನಿಂದ ಮುಗಿದ ಎರಡನೇ ಪಂದ್ಯವಂತೆ, ಅಷ್ಟು ಅಪರೂಪ. ನಮ್ಮ ಅಖಾಡದಲ್ಲಿ ಬೆನ್ನು ಮಣ್ಣಿಗೆ ತಾಗಿದರೆ ಕುಸ್ತಿ ಮುಗಿಯಿತು, ಗೆದ್ದವನನ್ನು ಹೆಗಲ ಮೇಲೆ ಹೊತ್ತು ಕುಣಿಯುವುದಷ್ಟೇ ಬಾಕಿ. ಎಂಎಂಎಯಲ್ಲಿ ಬೆನ್ನು ತಾಗಿದವನ ಕೈಯಲ್ಲಿ ಇನ್ನೂ ಆಟ ಇರುತ್ತದೆ. ಮೇಲಿದ್ದೇನೆ ಎಂದು ಮೈಮರೆತ ಪೈಲ್ವಾನನ ತೋಳು, ಕುತ್ತಿಗೆ ಎರಡೂ ಅವನಿಗೆ ಹತ್ತಿರದಲ್ಲೇ ಸಿಗುತ್ತವೆ. ಬಾಲ್ಯದಿಂದ ಬಂದ ಅಭ್ಯಾಸ ಇಲ್ಲಿ ಶತ್ರುವಾಗುತ್ತದೆ.

ಮುಂದಿನದು ಚುಟುಕಾಗಿ. 2019ರಲ್ಲಿ ಭುಲ್ಲರ್ ಏಷ್ಯಾದ ಎಂಎಂಎ ಸಂಸ್ಥೆ ಒನ್ ಚಾಂಪಿಯನ್‌ಶಿಪ್‌ಗೆ ಹೋದರು. 2021ರ ಮೇ ತಿಂಗಳಲ್ಲಿ ಸಿಂಗಪುರದಲ್ಲಿ ಬ್ರ್ಯಾಂಡನ್ ವೆರಾ ಅವರನ್ನು ಎರಡನೇ ಸುತ್ತಿನಲ್ಲೇ ಹೊಡೆದು ಮುಗಿಸಿ ಹೆವಿವೇಟ್ ಪಟ್ಟ ಗೆದ್ದರು. ದೊಡ್ಡ ಎಂಎಂಎ ಸಂಸ್ಥೆಯೊಂದರಲ್ಲಿ ವಿಶ್ವ ಚಾಂಪಿಯನ್ ಆದ ಮೊದಲ ಭಾರತೀಯ ಮೂಲದವರು ಅವರೇ. ಆಮೇಲೆ ಎರಡು ವರ್ಷ ಕಣಕ್ಕೇ ಇಳಿಯಲಿಲ್ಲ. 2023ರ ಜೂನ್‌ನಲ್ಲಿ ಬ್ಯಾಂಕಾಕ್‌ನಲ್ಲಿ ಅನತೋಲಿ ಮಾಲಿಖಿನ್ ಎದುರು ಮೂರನೇ ಸುತ್ತಿನಲ್ಲಿ ಪಟ್ಟ ಹೋಯಿತು. ಮಾಲಿಖಿನ್ ಕೂಡ ಕುಸ್ತಿಯಿಂದಲೇ ಬಂದವರು, ಜೊತೆಗೆ ಗುದ್ದು ಭಾರ. ಇಬ್ಬರಿಗೂ ಕುಸ್ತಿ ಗೊತ್ತಿದ್ದಾಗ ಗೆಲ್ಲಿಸುವುದು ಕೈ.

ತೂಕದ ಮಾತು. ಹೆವಿವೇಟ್ ಗರಿಷ್ಠ ಮಿತಿ 265 ಪೌಂಡ್, ಅಂದರೆ ಸುಮಾರು 120 ಕೆ.ಜಿ. ಭುಲ್ಲರ್ ಕುಸ್ತಿ ಆಡುತ್ತಿದ್ದ ತೂಕವೂ ಅದೇ. ನಿಮ್ಮ ತಮ್ಮನೂ ಊಟ ಬಿಟ್ಟು ಮೈ ಇಳಿಸುವ ಕಷ್ಟ ಪಡಬೇಕಿಲ್ಲ. ಉಸಿರಿನ ಲೆಕ್ಕ ಮಾತ್ರ ಬೇರೆ: ಮ್ಯಾಟ್ ಕುಸ್ತಿ ಮೂರು ಮೂರು ನಿಮಿಷದ ಎರಡು ಅವಧಿ, ಎಂಎಂಎ ಐದೈದು ನಿಮಿಷದ ಮೂರು ಸುತ್ತು, ಪಟ್ಟದ ಪಂದ್ಯವಾದರೆ ಐದು.

ಹಾಗಾಗಿ ಗರಡಿ ಬಿಡುವ ಅವಸರ ಬೇಡ. ರಾಷ್ಟ್ರ ಮಟ್ಟದ ಪದಕಕ್ಕೆ ಇನ್ನೂ ಪ್ರಯತ್ನ ನಡೆಯಲಿ. ಜೊತೆಗೆ ಬ್ರೆಜಿಲಿಯನ್ ಜಿಯು-ಜಿತ್ಸು (ನೆಲದ ಮೇಲೆ ಬಿದ್ದಾಗಲೂ ಕೈಕಾಲು, ಕುತ್ತಿಗೆಗೆ ಪಟ್ಟು ಹಾಕಿ ಮಣಿಸುವ ವಿದ್ಯೆ) ಸರಿಯಾಗಿ ಕಲಿಸುವವರನ್ನು ಹುಡುಕಿ, ಮೊದಲ ಕೆಲವು ತಿಂಗಳು ಬೆನ್ನ ಮೇಲೆ ಮಲಗಿಕೊಂಡೇ ಕಲಿಯಲಿ. ಬಾಕ್ಸಿಂಗ್ ಗ್ಲೌಸ್ ಆಮೇಲೆ ಕೊಡಿಸಿ.