ಕಥೆ ಬರೆದಿಡಬೇಡಿ, ಬಾಗಿಲು ಬರೆದಿಡಿ

ಪ್ರಶ್ನೆ: ‘ಸ್ಲೀಪ್ ಈಸ್ ಡೆತ್’ ಆಟದಲ್ಲಿ ಮೊದಲೇ ಬರೆದ ಕಥೆ ಇರಲ್ಲ, ಒಂದು ಸರದಿಗೆ ಬರೀ 30 ಸೆಕೆಂಡು ಅಂತೀರಿ. ಅಷ್ಟರಲ್ಲಿ ಕಥೆ ಕಟ್ಟೋಕೆ ಆಗುತ್ತಾ? ಆಡೋಕೆ ಕೂರುವ ಮೊದಲು ಕಥೆಯನ್ನ ಎಷ್ಟು ರೆಡಿ ಮಾಡಿಕೊಂಡಿರಬೇಕು?

ಈ ಆಟದ ಸುದ್ದಿ ತೆಗೆದಾಗಲೆಲ್ಲ ಯಾರಾದರೂ ಇದನ್ನ ಕೇಳೇ ಕೇಳುತ್ತಾರೆ. ನನ್ನ ಉತ್ತರ ಇಷ್ಟೇ: ಕಥೆ ರೆಡಿ ಮಾಡಲೇಬೇಡಿ. ಜಾಗ ರೆಡಿ ಮಾಡಿ, ಸಾಮಾನು ರೆಡಿ ಮಾಡಿ. ಕಥೆಯನ್ನ ಎದುರಿನವರಿಗೆ ಬಿಡಿ. ಇದನ್ನ ನಾನು ತಪ್ಪು ಮಾಡಿಯೇ ಕಲಿತೆ. ಅದನ್ನೇ ಹೇಳುತ್ತೇನೆ.

ಮೊದಲು ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಇದು ಜೇಸನ್ ರೋರರ್ ಎಂಬ ಅಮೆರಿಕದವರು 2010ರಲ್ಲಿ ಹೊರತಂದ ಕಂಪ್ಯೂಟರ್ ಆಟ. ಇವರದೇ ‘ಪ್ಯಾಸೇಜ್’ ಎಂಬ ಐದು ನಿಮಿಷದ ಆಟ ನ್ಯೂಯಾರ್ಕಿನ ಆಧುನಿಕ ಕಲೆಯ ಮ್ಯೂಸಿಯಂ ಸೇರಿದೆ. ‘ಸ್ಲೀಪ್ ಈಸ್ ಡೆತ್’ ಆಡೋಕೆ ಇಬ್ಬರು ಬೇಕೇ ಬೇಕು. ಒಬ್ಬರು ಆಡುವವರು, ಇನ್ನೊಬ್ಬರು ಆಡಿಸುವವರು.

ಆಡುವವರ ಕೈಯಲ್ಲಿ ಒಂದೇ ಒಂದು ಪಾತ್ರ. ಅದನ್ನ ನಡೆಸಬಹುದು, ಮಾತಾಡಿಸಬಹುದು, ಇಲ್ಲವೇ ಯಾವುದಾದರೂ ವಸ್ತುವನ್ನ ತೋರಿಸಿ ‘ಇದನ್ನ ಹೀಗೆ ಮಾಡ್ತೀನಿ’ ಅಂತ ಟೈಪ್ ಮಾಡಬಹುದು. ಉಳಿದದ್ದೆಲ್ಲ ಆಡಿಸುವವರ ಪಾಲು. ಗೋಡೆ, ಗಿಡ, ಬೇರೆ ಪಾತ್ರಗಳು, ಅವರ ಮಾತು, ಹಿಂದೆ ಕೇಳುವ ಸಂಗೀತ, ಎಲ್ಲ. ಆಡುವವರು ‘ಹಗ್ಗ ಕತ್ತರಿಸ್ತೀನಿ’ ಅಂತ ಬರೆದರೆ, ಹಗ್ಗ ಕತ್ತರಿಸಿ ಬಿದ್ದ ಚಿತ್ರವನ್ನ ಆಡಿಸುವವರು 30 ಸೆಕೆಂಡಿನಲ್ಲಿ ಮಾಡಿ ಕಳಿಸಬೇಕು. ಟೈಮ್ ಮುಗಿದರೆ ಇದ್ದದ್ದು ಇದ್ದ ಹಾಗೇ ಹೋಗುತ್ತದೆ. ಗೆಲುವು, ಸೋಲು, ಪಾಯಿಂಟು ಯಾವುದೂ ಇಲ್ಲ.

ಇಷ್ಟು ಬೇಗ ಚಿತ್ರ ಮಾಡೋಕೆ ಆಗುವುದು ಅದು ಪಿಕ್ಸೆಲ್ ಚಿತ್ರ ಆದ್ದರಿಂದ. ಹಳೇ ಕಾಲದ ವಿಡಿಯೋ ಗೇಮ್ ತರಹ ದಪ್ಪ ದಪ್ಪ ಚೌಕ. ನಾಲ್ಕು ಕಂದು ಚೌಕ ಇಟ್ಟರೆ ಹೊರಸು, ಮೇಲೊಂದು ಬಿಳಿ ಗೆರೆ ಎಳೆದರೆ ಹಾಸಿಗೆ. ನಮ್ಮ ಇಳಕಲ್ಲಿನ ಅತ್ತಿ ಒಮ್ಮೆ ಸ್ಕ್ರೀನ್ ನೋಡಿ, "ಇದು ಕಸೂತಿ ಇದ್ದಂಗ ಐತಲ್ಲೋ" ಅಂದರು. ಖರೇನೇ. ಸೀರೆಯ ಎಳೆ ಎಣಿಸಿ ಎಣಿಸಿ ತೇರು, ಆನೆ, ತುಳಸಿಕಟ್ಟೆ ತೆಗೆಯುವವರಿಗೆ ಪಿಕ್ಸೆಲ್ ಚಿತ್ರ ಕಲಿಸಬೇಕಾಗಿಲ್ಲ.

ಇನ್ನು ನನ್ನ ತಪ್ಪಿಗೆ ಬರುತ್ತೇನೆ. ನಮ್ಮ ಮನೆ ಬಾಗಲಕೋಟೆಯ ನವನಗರದಲ್ಲಿ. ಆಲಮಟ್ಟಿ ಹಿನ್ನೀರಿಗೆ ಹಳೇ ಊರಿನ ಎಷ್ಟೋ ಭಾಗ ಹೋದಾಗ ಕಟ್ಟಿದ ಊರು ಇದು. ಹಾಗಾಗಿ ನಾನು ಹಳೇ ಬಾಗಲಕೋಟೆಯ ಒಂದು ಮನೆಯನ್ನೇ ಆಟಕ್ಕೆ ಆರಿಸಿಕೊಂಡೆ. ಎರಡು ಸಂಜೆ ಕೂತು ಚಿತ್ರ ಬರೆದೆ. ಮಣ್ಣಿನ ಗೋಡೆ, ಪಡಸಾಲೆ, ಕಟ್ಟಿಗೆಯ ಬಾಗಿಲು, ಹೊರಗೆ ಬೇವಿನ ಗಿಡ, ಸಾಮಾನು ತುಂಬಿದ ಲಾರಿ. ಅಲ್ಲಿಗೇ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ, ಕಥೆಯನ್ನೂ ಮಾಡಿಕೊಂಡೆ. ಅಪ್ಪ ಬಾಗಿಲಿಗೆ ಕೀಲಿ ಹಾಕುತ್ತಾನೆ, ಮಗಳು ಅಳುತ್ತಾಳೆ, ಲಾರಿ ಹೊರಡುತ್ತದೆ, ಕೊನೆಗೆ ನೀರು ಬರುತ್ತದೆ. ನೀರಿನ ಚಿತ್ರಕ್ಕೇ ಜಾಸ್ತಿ ಹೊತ್ತು ಹಿಡಿಯಿತು.

ಬೆಳಗಾವಿಯಲ್ಲಿ ಓದುವ ಅಕ್ಕನ ಮಗಳು ರಜಕ್ಕೆ ಬಂದಿದ್ದಳು. ಮಗಳ ಪಾತ್ರ ಅವಳದು, ಆಡಿಸುವವನು ನಾನು. ಅವಳು ಮಾಳಿಗೆ ಮೇಲಿನ ರೂಮಿನಲ್ಲಿ, ನಾನು ಕೆಳಗೆ. ಮಾತನ್ನ ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಬರೆದು ಆಡಿದೆವು, ವಾಟ್ಸಾಪ್‌ನಲ್ಲಿ ಬರೆಯುವ ಹಾಗೆ.

ಅಪ್ಪನ ಬಾಯಲ್ಲಿ ನಾನು ಹೇಳಿಸಿದೆ: "ಹೊತ್ತಾತು, ಗಾಡಿ ಹತ್ತವ್ವಾ." ಅವಳು ಹತ್ತಲಿಲ್ಲ. ಬಾಗಿಲನ್ನ ತೋರಿಸಿ ಒಂದೇ ಮಾತು ಬರೆದಳು: "ಕೀಳ್ತೀನಿ."

ನನ್ನ ಹತ್ತಿರ ಕಿತ್ತ ಬಾಗಿಲ ಚಿತ್ರ ಇರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ನನ್ನ ಕಥೆಯಲ್ಲಿ ಬಾಗಿಲು ಕೀಳುವುದೇ ಇರಲಿಲ್ಲ. "ಬ್ಯಾಡ, ಟೈಮ್ ಇಲ್ಲ" ಅಂತ ಅಪ್ಪನಿಂದ ಹೇಳಿಸಿದೆ. ಅವಳು ಹೊಸ್ತಿಲ ಮೇಲೆ ಕೂತಳು. ಲಾರಿ ಡ್ರೈವರನಿಂದ ಬೈಸಿದೆ. ಅವಳು ಏಳಲಿಲ್ಲ. ಹೀಗೇ ನಾಲ್ಕು ಸರದಿ ಹೋದವು. ನಾನು ಅವಳನ್ನ ನನ್ನ ಕಥೆಗೆ ಎಳೆಯುತ್ತಿದ್ದೆ, ಅವಳು ತನ್ನ ಕಥೆಯನ್ನ ಆಗಲೇ ಶುರು ಮಾಡಿಬಿಟ್ಟಿದ್ದಳು. ಆಮೇಲೆ ಮೇಲಿಂದಲೇ ಕೂಗಿದಳು, "ಮಾಮಾ, ನಾ ಬರದಿದ್ದು ಆಗೂದ ಇಲ್ಲಂದ್ರ ನಾ ಯಾಕ ಆಡ್ಲಿ?"

ಆ ಮಾತು ನಾಟಿತು. ಮುಂದಿನ ಸರದಿಯಲ್ಲಿ ಬಾಗಿಲನ್ನ ಗೋಡೆಯಿಂದ ತೆಗೆದೆ. ಅಲ್ಲಿ ಏನೂ ಇಡೋಕೆ ಹೊತ್ತಾಗಲಿಲ್ಲ, ಕರೀ ಜಾಗ ಹಾಗೇ ಉಳಿಯಿತು. ಅದೇ ಬಾಗಿಲನ್ನ ಲಾರಿ ಮೇಲೆ ಇಟ್ಟೆ. ಟೈಮ್ ಮುಗಿಯಿತು, ಚಿತ್ರ ಹೋಯಿತು. ಮೇಲಿಂದ ಅವಳ ಉತ್ತರ ಬಂತು: "ಅಪ್ಪಾ, ಇದು ಹೊಸ ಮನಿಗಿ ಕೂಡತೈತೇನು?"

ಹೊಸ ಮನೆಯನ್ನ ನಾನು ಬರೆದೇ ಇರಲಿಲ್ಲ. ಅದೇ ಪಡಸಾಲೆಯ ಮಣ್ಣಿನ ಗೋಡೆ ತೆಗೆದು ಬಿಳಿ ಗೋಡೆ ಇಟ್ಟೆ, ಬೇವಿನ ಗಿಡ ಅಳಿಸಿದೆ. ಅಷ್ಟಕ್ಕೇ ನವನಗರ ಆಯಿತು. ಬಾಗಿಲು ಕೂಡಲಿಲ್ಲ. ಅದನ್ನ ಅಪ್ಪ ಅಡ್ಡ ಮಲಗಿಸಿ, ಅದರ ಮೇಲೆ ಕೂತು ಚಹಾ ಕುಡಿದ. ಆ ಚಹಾ ಯಾರ ಕಥೆ, ನನ್ನದಾ ಅವಳದಾ ಅಂತ ಈಗಲೂ ಹೇಳೋಕೆ ಬರಲ್ಲ.

ನಮ್ಮ ಕಡೆಯವರಿಗೆ ಇದು ಹೊಸದೇನಲ್ಲ. ನಮ್ಮ ಉತ್ತರ ಕರ್ನಾಟಕದ ಬಯಲಾಟ ‘ಶ್ರೀಕೃಷ್ಣ ಪಾರಿಜಾತ’ ನೋಡಿದ್ದೀರಲ್ವಾ? ಕುಲಗೋಡ ತಮ್ಮಣ್ಣನ ಹೆಸರಿನಲ್ಲಿ ಬಂದ ಹಾಡುಗಳು ಹಾಡಿದ ಹಾಗೇ ಇರುತ್ತವೆ. ಆದರೆ ನಡುವೆ ಆಟ ನಡೆಸುವ ಭಾಗವತ ಮತ್ತು ಗೊಲ್ಲತಿ ಎಂಬ ಪಾತ್ರದ ಮಾತು ಊರಿಂದ ಊರಿಗೆ ಬೇರೆ. ಗೊಲ್ಲತಿ ಆ ಊರಿನ ಸುದ್ದಿ ಎತ್ತಿದರೆ ಭಾಗವತ ಅದನ್ನೇ ಹಿಡಿದು ಮುಂದಿನ ಮಾತು ಆಡುತ್ತಾನೆ. ಮನೆಯಲ್ಲಿ ಬಾಯಿಪಾಠ ಮಾಡಿ ಬಂದ ಉತ್ತರ ಅಲ್ಲಿ ನಡೆಯಲ್ಲ. ಭಾಗವತನಿಗೆ ತಾಳ, ಹಾಡು, ವೇಷ ಎಲ್ಲ ಕೈಯಲ್ಲಿರುತ್ತವೆ, ಅದಕ್ಕೇ ಮಾತಿಗೆ ಅವನು ಹೆದರುವುದಿಲ್ಲ.

ಹಾಗಾದರೆ ಏನು ರೆಡಿ ಇರಬೇಕು? ಎರಡು ಜಾಗ ಸಾಕು, ಒಂದು ಒಳಗೆ, ಒಂದು ಹೊರಗೆ. ಮೂರು ಜನ ಸಾಕು. ಸಾಮಾನು ಮಾತ್ರ ಜಾಸ್ತಿ ಇರಲಿ: ಕೊಡ, ಹಗ್ಗ, ಬುಟ್ಟಿ, ಕಲ್ಲು, ಪತ್ರ, ಕಂದೀಲು. ಆಡುವವರು ಕೈ ಹಾಕುವುದು ಸಾಮಾನಿಗೆ. ತೆರೆದದ್ದು, ಮುರಿದದ್ದು, ಬಿದ್ದದ್ದು ಅಂತ ಒಂದೊಂದನ್ನ ಎರಡು ಮೂರು ತರಹ ಬರೆದಿಟ್ಟರೆ 30 ಸೆಕೆಂಡು ಬೇಕಾದಷ್ಟಾಗುತ್ತದೆ. ಚಿತ್ರಕ್ಕೆ ಹೊತ್ತಿಲ್ಲದಿದ್ದರೆ ಒಂದು ಪಾತ್ರದಿಂದ ಮಾತಾಡಿಸಿ ಕಳಿಸಿ, ಅದೂ ಉತ್ತರವೇ.

ಇಬ್ಬರೂ ಒಂದೇ ವೈಫೈನಲ್ಲಿ ಇದ್ದರೆ ಜೋಡಿಸೋದು ಸುಲಭ. ಬೇರೆ ಬೇರೆ ಊರಿಂದ ಆಡೋದಾದರೆ ಆಡಿಸುವವರ ರೂಟರ್‌ನಲ್ಲಿ ಪೋರ್ಟ್, ಅಂದರೆ ಹೊರಗಿನ ಕಂಪ್ಯೂಟರ್ ಒಳಗೆ ಬರುವ ದಾರಿ, ತೆರೆಯಬೇಕಾಗುತ್ತದೆ, ಗೊತ್ತಿದ್ದವರನ್ನ ಪಕ್ಕದಲ್ಲಿ ಕೂರಿಸಿಕೊಳ್ಳಿ.

ಆಟ ಮುಗಿದ ಮೇಲೆ ಪ್ರತಿ ಸರದಿಯ ಚಿತ್ರವೂ ಸಾಲಾಗಿ ಸೇವ್ ಆಗುತ್ತದೆ, ಚಿತ್ರಕಥೆಯ ಪುಸ್ತಕದಂತೆ ಒಂದೊಂದೇ ತಿರುವಿ ನೋಡಬಹುದು. ಅಕ್ಕನಿಗೆ ಅದನ್ನ ತೋರಿಸಿದೆವು. ಬಾಗಿಲು ಕಿತ್ತ ಕರೀ ಜಾಗದ ಚಿತ್ರಕ್ಕೆ ಬಂದಾಗ, "ತಡಿ, ತಿರುವಬ್ಯಾಡ" ಅಂದಳು.